ನಿಧಾನಸ್ಥರ ಸಾಕ್ಷಿ

ಚನ್ನಗಿರಿ ಸೀಮೆಯಲ್ಲಿ ಯಾರ ಮನೆಯ ಜಗಲಿ ಮೇಲೆ ಕೂತರೂ ಮಾತು ಮೊದಲು ಅಡಿಕೆಗೇ ಹೋಗುತ್ತದೆ. ಇವತ್ತು ರಾಶಿಗೆ ಎಷ್ಟು, ಚೇಣಿ ಯಾರಿಗೆ ಕೊಟ್ರಿ, ಬೋರಲ್ಲಿ ನೀರೈತಾ? ನಾನು ಹೇಳಹೊರಟದ್ದು ದೇವರು ಮನುಷ್ಯನನ್ನು ತಿದ್ದುವ ವಿಷಯ. ಆದರೂ ಅಡಿಕೆಯಿಂದಲೇ ಶುರು ಮಾಡುತ್ತೇನೆ. ಸಸಿ ನೆಟ್ಟು ಐದಾರು ವರ್ಷ ಕಾಯುವ ಜನಕ್ಕೆ ಆ ಕೆಲಸ ನಿಧಾನವೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೊದಮೊದಲು ಅವರು ಮಾಡುವುದೇನು? ಬಾಳೆ ಹಾಕಿ ನೆರಳು ಕೊಡುವುದು, ನೀರು ಬಿಡುವುದು, ಕಳೆ ತೆಗೆಯುವುದು. ಇನ್ನೂ ಹಿಂಗಾರ ಯಾಕೆ ಬಿಡಲಿಲ್ಲ ಎಂದು ಎರಡು ವರ್ಷದ ಗಿಡವನ್ನು ಯಾರೂ ಗದರುವುದಿಲ್ಲ. ವಿಶ್ವಾಸಕ್ಕೆ ಬಂದು ಎರಡು ವರ್ಷವಾದ ಮನುಷ್ಯನನ್ನು ಮಾತ್ರ ಗದರುತ್ತೇವೆ, ಅಲ್ಲವೇ? “ದೀಕ್ಷಾಸ್ನಾನ ಆಗಿ ಇಷ್ಟು ದಿನ ಆಯ್ತು, ಇನ್ನೂ ಸಿಟ್ಟು ಹೋಗಿಲ್ವಲ್ಲ!”

ಲೂಕನ ಸುವಾರ್ತೆಯಲ್ಲಿ ಅಂಜೂರದ ಮರದ ಕಥೆ ಇದೆ. ಮೂರು ವರ್ಷದಿಂದ ಹಣ್ಣಿಲ್ಲ, ಕಡಿದುಹಾಕು ಅನ್ನುತ್ತಾನೆ ಯಜಮಾನ. ಇನ್ನೊಂದು ವರ್ಷ ಬಿಡಿ, ಬುಡ ಅಗೆದು ಗೊಬ್ಬರ ಹಾಕುತ್ತೇನೆ ಎಂದು ಬೇಡಿಕೊಳ್ಳುತ್ತಾನೆ ತೋಟದವನು. ಪ್ರಸಂಗ ಕೇಳಿದವರ ಕಿವಿಯಲ್ಲಿ ಕೊಡಲಿ ಉಳಿಯುತ್ತದೆ. ನನ್ನ ಕಣ್ಣೆಲ್ಲ ಆ ಗುದ್ದಲಿಯವನ ಮೇಲೆ.

ತೋಟ ಅಂದ ಮೇಲೆ ನೀರು, ಚನ್ನಗಿರಿಯಲ್ಲಿ ನೀರು ಅಂದ ಮೇಲೆ ಸೂಳೆಕೆರೆ. ಸಿದ್ಧನಾಲೆ, ಬಸವನಾಲೆಗಳಿಗೆ ಹರಿಯುವಷ್ಟು ಹರಿದು, ಉಳಿದದ್ದು ಹರಿದ್ರಾ ಹಳ್ಳವಾಗಿ ಹರಿಹರದ ಕಡೆ ಹೋಗುತ್ತದೆ. ಹೊನ್ನಾಳಿ ದಾಟಿ ಬಂದ ತುಂಗಭದ್ರೆಯನ್ನು ಅಲ್ಲಿ ಸೇರುತ್ತದೆ. ಅದೇ ಹರಿಹರದಲ್ಲಿ ಆರೋಗ್ಯಮಾತೆಯ ದೇವಾಲಯವಿದೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಯಾವ ಯಾವ ಊರಿಂದಲೋ ಜನ ಬರುತ್ತಾರೆ, ಮತಭೇದವಿಲ್ಲದೆ ಮೇಣದ ಬತ್ತಿ ಹಚ್ಚುತ್ತಾರೆ. ಒಮ್ಮೆ ನ್ಯಾಮತಿ ಕಡೆಯ ಒಬ್ಬ ತಾಯಿ ಅಲ್ಲಿ ಪಕ್ಕದಲ್ಲಿ ಕೂತಿದ್ದರು. ಮಗ ಕುಡಿಯುತ್ತಾನೆ, ಅವನಿಗಾಗಿ ವರ್ಷ ವರ್ಷವೂ ಅದೇ ಹರಕೆ. ಏನಾದರೂ ಸುಧಾರಿಸಿತೇನಮ್ಮಾ ಅಂದೆ. “ಹ್ಞೂಂ ಕಣಪ್ಪಾ, ಈಗ ಭಾನುವಾರ ಮುಟ್ಟಲ್ಲ” ಅಂದರು. ಆ ಮುಖದಲ್ಲಿ ಇದ್ದದ್ದು ಪೂರ್ತಿ ಸಂತೋಷ. ವಾರದ ಉಳಿದ ಆರು ದಿನವನ್ನು ಅವರು ದೇವರ ಕೈಯಲ್ಲಿ ಬಿಟ್ಟು ಬತ್ತಿ ಹಚ್ಚಲು ಎದ್ದರು.

ಇಂಥವರನ್ನು ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳಲು ಕರೆಯುತ್ತೇವೆಯೇ? ಮೈಕು ಸಿಗುವುದು ಒಂದೇ ರಾತ್ರಿಯಲ್ಲಿ ಬದಲಾದವರಿಗೆ. ದಮಸ್ಕದ ದಾರಿಯಲ್ಲಿ ಬಿದ್ದು ಎದ್ದ ಸೌಲನೇ ನಮಗೆಲ್ಲ ಮಾದರಿ. ಆ ಸೌಲನೂ ಅರಬಸ್ಥಾನಕ್ಕೆ ಹೋಗಿ, ಮೂರು ವರ್ಷ ಕಳೆದ ಮೇಲೇ ಯೆರೂಸಲೇಮಿಗೆ ಹೋದದ್ದು, ಗಲಾತ್ಯದವರಿಗೆ ತಾನೇ ಬರೆದಿದ್ದಾನೆ. ಅವನು ಪೌಲನಾದ ಮೇಲಿನ ಒಂದು ಸಂಗತಿ ನನಗೆ ಬಲು ಪ್ರಿಯ. ಮಾರ್ಕನೆಂಬ ಯುವಕ ಪಂಫುಲ್ಯದಲ್ಲಿ ಸೇವೆ ಬಿಟ್ಟು ಹಿಂದಿರುಗಿದ. ಮುಂದಿನ ಪ್ರಯಾಣಕ್ಕೆ ಇವನು ಬೇಡವೇ ಬೇಡ ಎಂದು ಪೌಲ ಹಟ ಹಿಡಿದ. ಆ ಜಗಳಕ್ಕೆ ಬಾರ್ನಬನ ಜೊತೆಯೇ ತಪ್ಪಿತು. ವರ್ಷಗಳು ಉರುಳಿದವು. ಸೆರೆಮನೆಯಿಂದ ತಿಮೊಥೆಯನಿಗೆ ಬರೆದ ಪತ್ರದಲ್ಲಿ ಅದೇ ಪೌಲ ಮಾರ್ಕನನ್ನು ಕರೆತಾ, ಅವನು ನನಗೆ ಬೇಕು ಅನ್ನುತ್ತಾನೆ. ನಡುವೆ ಏನು ನಡೆಯಿತು? ಯಾರೂ ಬರೆದಿಟ್ಟಿಲ್ಲ. ದೇವರು ಕೆಲಸ ಮಾಡಿದ್ದು ಆ ಬರೆಯದ ವರ್ಷಗಳಲ್ಲೇ ಎಂದು ನಾನು ನಂಬುತ್ತೇನೆ.

ಇನ್ನೊಂದು ಮಾತು, ನೀವು ಗಮನಿಸಿದ್ದೀರೋ ಇಲ್ಲವೋ. ಬಿತ್ತಿದವನು ಮಲಗಿ ಏಳುತ್ತಿರುವಾಗ ಅವನಿಗೇ ತಿಳಿಯದಂತೆ ಬೀಜ ಮೊಳೆತು, ಗರಿ, ತೆನೆ, ಕಾಳು ಆಗುವ ಸಾಮ್ಯ ನಾಲ್ಕು ಸುವಾರ್ತೆಗಳಲ್ಲಿ ಒಂದರಲ್ಲೇ ಇರುವುದು, ಮಾರ್ಕನ ಹೆಸರಿನದರಲ್ಲಿ. ಹಿಂದಿರುಗಿ ಹೋಗಿದ್ದ ಹುಡುಗನ ಹೆಸರಿನ ಪುಸ್ತಕವೇ ಆ ಕಥೆಯನ್ನು ಕಾಪಾಡಿಕೊಟ್ಟಿತು!

ಜಗಳೂರಿನ ಬಯಲಲ್ಲಿ ಓದಬೇಕಾದ ಕಥೆ ಅದು. ಅಲ್ಲಿ ಬಿತ್ತಿದವರಿಗೆ ಮುಗಿಲು ನೋಡುವುದು ಹುಟ್ಟಿನಿಂದ ಬಂದದ್ದು. 57 ಕೆರೆ ತುಂಬಿಸುವ ಯೋಜನೆಗೂ ಆ ಜನ ಎಷ್ಟು ಕಾದರು! ಜಗಳೂರಿನಿಂದ ಬಡಗಣಕ್ಕೆ ಹೋದರೆ ಬಳ್ಳಾರಿ ಸೀಮೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅಲ್ಲಿಗೆ ಬಂದದ್ದು 1810ರಲ್ಲಿ. ಕನ್ನಡ ಕಲಿತು, ಬೈಬಲನ್ನು ಕನ್ನಡಕ್ಕೆ ತರಲು ಕೂತರು. ಪೂರ್ತಿ ಬೈಬಲ್ ಅಚ್ಚಾಗಿ ಹೊರಬರುವಷ್ಟರಲ್ಲಿ 1830ರ ದಶಕ ಬಂದಿತ್ತು. ಅಷ್ಟಕ್ಕೂ ಕೆಲಸ ಮುಗಿಯಲಿಲ್ಲ, ಮುಂದೆ ಬಾಸೆಲ್ ಮಿಷನ್ನಿನವರೂ ಸೇರಿ ಅದನ್ನು ಮತ್ತೆ ತಿದ್ದಿದರು. ನಮ್ಮನ್ನು ತಿದ್ದುವ ಪುಸ್ತಕವನ್ನೇ ಇಷ್ಟು ಕೈಗಳು, ಇಷ್ಟು ಕಾಲ ಕೂತು ತಿದ್ದಿವೆ.

ಅದಕ್ಕೇ ಸಭೆಯ ಹಿರಿಯರಲ್ಲಿ ನನ್ನದೊಂದು ಬೇಡಿಕೆ. ಮುಂದಿನ ಕೂಟದಲ್ಲಿ ನ್ಯಾಮತಿಯ ಆ ತಾಯಿಯಂಥವರು ಹಿಂದಿನ ಸಾಲಿನಲ್ಲಿ ಕಂಡರೆ ಮುಂದಕ್ಕೆ ಕರೆಯಿರಿ. ಭಾನುವಾರದ ಸುದ್ದಿ ಹೇಳಲಿ. ಊರಿನ ಬಸ್ಸು ಹೊರಡುವ ಮೊದಲೇ ಕರೆಯಿರಿ.