ಮೂರನೆಯ ಸಾಲಿಗೆ ಕಾಯುತ್ತಾ

ಷಿಲ್ಲಾಂಗಿನ ಸೋಲ್‌ಮೇಟ್ ತಂಡ ಮುಂಬಯಿಗೆ ಬರುತ್ತದೆಂದು ತಿಳಿದ ದಿನದಿಂದ ನಮ್ಮ ನಾಲ್ವರ ಭಾನುವಾರದ ಓದು ಕೆಡುತ್ತದೆ. ಕುಮಾರವ್ಯಾಸನ ಒಂದು ಸಂಧಿ ಮುಗಿಯುವುದರೊಳಗೆ ಯಾರಾದರೊಬ್ಬರು ಟಿಕೆಟ್ಟಿನ ಮಾತೆತ್ತಿರುತ್ತಾರೆ. ನಮ್ಮಲ್ಲಿ ಮೂವರು ಅರವತ್ತು ದಾಟಿದವರು. ಬ್ಯಾಂಕಿನಿಂದ ಒಬ್ಬರು, ಬಂದರಿನ ಲೆಕ್ಕಪತ್ರ ವಿಭಾಗದಿಂದ ಒಬ್ಬರು, ಶಾಲೆಯ ಗಣಿತ ಪಾಠದಿಂದ ಒಬ್ಬರು ನಿವೃತ್ತರು. ನಾಲ್ಕನೆಯವರು ಬಂಟ್ವಾಳದ ಕಡೆಯವರು, ಇನ್ನೂ ಕೆಲಸದಲ್ಲಿದ್ದಾರೆ. ಆದ್ದರಿಂದ ಟಿಕೆಟ್ಟು ಕೊಳ್ಳುವ ಹೊಣೆ ಅವರದು. ಬ್ಲೂಸ್ ಕೇಳಲು ಬರುವ ಮಂದಿಯ ನಡುವೆ ನಾವು ಎದ್ದು ಕಾಣುತ್ತೇವೆ. ಒಮ್ಮೆ ಬಾಗಿಲಲ್ಲಿ ಕೈಗೆ ಪಟ್ಟಿ ಕಟ್ಟುವ ಹುಡುಗ ನಮ್ಮನ್ನು ಯಾರೋ ವಾದ್ಯಗಾರರ ತಂದೆತಾಯಿಗಳ ಕಡೆಯವರೆಂದು ತಿಳಿದು ಕುರ್ಚಿ ಹುಡುಕಹೊರಟಿದ್ದ.

ನಮ್ಮ ಬಳಗದ ಹಿರಿಯರೊಬ್ಬರಿಗೆ ಈ ಉತ್ಸಾಹ ಹಿಡಿಸುವುದಿಲ್ಲ. ಅವರು ನೇರ ಮಾತಿನವರು. “ಅಮೆರಿಕದ ಕಪ್ಪು ಜನರ ದುಃಖ, ಖಾಸಿ ಬೆಟ್ಟದವರ ಗಂಟಲು, ಇಂಗ್ಲಿಷ್ ಮಾತು, ಕೇಳವ್ರು ನೀವು ಧಾರವಾಡದ ಕಡೆಯವ್ರು. ಇದರಾಗ ಯಾರದು ಏನ್ರಿ?” ಎಂದು ಕೇಳಿದರು. ಪ್ರಶ್ನೆ ಸುಲಭದ್ದಲ್ಲ. ಅದನ್ನು ನಾವು ಹಲವು ವರ್ಷ ಹೊತ್ತು ತಿರುಗಿದ್ದೇವೆ.

ಸೋಲ್‌ಮೇಟ್ ಆರಂಭವಾದದ್ದು 2003ರಲ್ಲಿ. ಗಿಟಾರಿನಲ್ಲಿ ರೂಡಿ ವಾಲಾಂಗ್, ಹಾಡುಗಾರಿಕೆಯಲ್ಲಿ ಟಿಪ್ರಿತಿ ಖರ್ಬಂಗರ್. ಬೇಸ್ ಗಿಟಾರ್ ಹಿಡಿದವರೂ ಡ್ರಮ್ಮಿನ ಹಿಂದೆ ಕುಳಿತವರೂ ವರ್ಷ ವರ್ಷಕ್ಕೆ ಬದಲಾಗಿದ್ದಾರೆ. ಈ ಇಬ್ಬರು ಮಾತ್ರ ನಡುಗಂಬದಂತೆ ನಿಂತರು. ನಮ್ಮ ಕಂಪನಿ ನಾಟಕಗಳಲ್ಲಿಯೂ ಹೀಗೆಯೇ ಅಲ್ಲವೇ? ರಾಜಪಾರ್ಟಿನವರು ಇದ್ದಲ್ಲಿಯೇ ಇರುತ್ತಾರೆ, ತಬಲದವನು ಹಂಗಾಮಿಗೊಬ್ಬ. ಊರಿಂದೂರಿಗೆ ಪೆಟ್ಟಿಗೆ ಹೊತ್ತು ಹೋಗುವ ಮೇಳಗಳ ಕಷ್ಟ ಎಲ್ಲ ಕಡೆಯೂ ಒಂದೇ. ಷಿಲ್ಲಾಂಗಿನಿಂದ ಹೊರಟವರು ಮೊದಲು ಗುವಾಹಟಿಗೆ ಬೆಟ್ಟವಿಳಿಯಬೇಕು. ಅಲ್ಲಿಂದ ಮುಂದೆ ಇಡೀ ದೇಶವನ್ನು ಅಡ್ಡಹಾಯಬೇಕು. ರಾತ್ರಿ ಒಂದೂವರೆ ಗಂಟೆ ಹಾಡುವುದಕ್ಕಾಗಿ ಅಷ್ಟು ದೂರ.

ನಾವು ಅವರನ್ನು ಮೊದಲು ಕೇಳಿದ್ದು 2011ರ ಫೆಬ್ರವರಿಯಲ್ಲಿ, ಬಾಂದ್ರಾದ ಮೆಹಬೂಬ್ ಸ್ಟುಡಿಯೋದಲ್ಲಿ ನಡೆದ ಮೊದಲ ಮಹೀಂದ್ರಾ ಬ್ಲೂಸ್ ಉತ್ಸವದಲ್ಲಿ. ಮಾಟುಂಗಾ ರೋಡ್ ನಿಲ್ದಾಣದಿಂದ ಬಾಂದ್ರಾಕ್ಕೆ ಹೋಗುವಾಗ ನಡುವೆ ಸಿಗುವುದು ಮಾಹಿಮ್ ಒಂದೇ. ಅಷ್ಟರಲ್ಲಿಯೇ ಬೇರೊಂದು ಲೋಕ ತೆರೆದುಕೊಂಡಿತು. ಅಂದು ನಾವು ಹೋದದ್ದು ಬಡಿ ಗೈ ಅವರಿಗಾಗಿ. ಲೂಯಿಸಿಯಾನದಲ್ಲಿ ಪಾಲಿಗೆ ಬೇಸಾಯ ಮಾಡುವ ಮನೆಯಲ್ಲಿ 1936ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಎರಡು ತಂತಿಯ ಮನೆಮಾಡಿದ ವಾದ್ಯದಲ್ಲಿ ಕೈ ಪಳಗಿಸಿಕೊಂಡು, 1957ರಲ್ಲಿ ಷಿಕಾಗೋ ಸೇರಿದ ಹಿರಿಯ ಜೀವ. ಗಿಟಾರ್ ನುಡಿಸುತ್ತಲೇ ಜನರ ನಡುವೆ ಇಳಿದುಬರುವುದು ಅವರ ಹಳೆಯ ರೂಢಿ. ಅಂಥವರಿರುವ ಉತ್ಸವದಲ್ಲಿ ಷಿಲ್ಲಾಂಗಿನವರನ್ನು ಬಾಯಿರುಚಿಗೆ ಕೊಡುವ ಕೋಸಂಬರಿಯೆಂದು ತಿಳಿದೇ ನಿಂತಿದ್ದೆವು. ಟಿಪ್ರಿತಿ ಮೊದಲ ಸಾಲು ಎತ್ತಿಕೊಂಡರು. ಲೆಕ್ಕಪತ್ರದವರು ಕಿವಿಯಿಂದ ಹತ್ತಿ ತೆಗೆದರು. ಆಮೇಲೆ ಆ ಹತ್ತಿ ಎಲ್ಲಿ ಬಿತ್ತೋ!

ಆ ಕಂಠದ ಬಗ್ಗೆ ಸ್ವಲ್ಪ ಹೇಳಲೇಬೇಕು. ಅದು ನಯವಾದ ಕಂಠವಲ್ಲ. ಕೆಳಗಿನ ಸ್ಥಾಯಿಯಲ್ಲಿ ಒರಟು ಕಂಬಳಿಯಂತೆ, ಮೇಲೇರಿದಂತೆ ಹರಿತವಾಗುತ್ತಾ ಹೋಗಿ, ಒಡೆಯುವ ಹಂತಕ್ಕೆ ಬಂದು ಒಡೆಯದೆ ನಿಲ್ಲುತ್ತದೆ. ರೂಡಿಯವರ ಗಿಟಾರ್ ಇದಕ್ಕೆ ತದ್ವಿರುದ್ಧ. ಎಷ್ಟು ನುಡಿಸಬಲ್ಲರೋ ಅದರ ಅರ್ಧವನ್ನು ಮಾತ್ರ ನುಡಿಸುತ್ತಾರೆ. ಹಾಡು ನಿಂತ ಕಡೆ ಒಂದು ಸ್ವರ ಇಟ್ಟು, ಅದನ್ನು ತುಸು ಬಾಗಿಸಿ, ಸುಮ್ಮನಾಗುತ್ತಾರೆ. ವೇಗವನ್ನೇ ವಿದ್ಯೆಯೆಂದು ನಂಬಿದ ಗಿಟಾರುಗಾರರನ್ನು ನಾವು ಬೇಕಾದಷ್ಟು ಕಂಡಿದ್ದೇವೆ; ಅವರ ಕಛೇರಿಗಳಿಂದ ಎದ್ದು ಬರುವಾಗ ನಮಗೆ ಬೆರಳುಗಳು ನೆನಪಿರುತ್ತವೆಯೇ ಹೊರತು ಹಾಡಲ್ಲ.

ಬಾಗಿಸುವ ಆ ಸ್ವರ ಕರ್ನಾಟಕ ಸಂಗೀತದ ಪರಿಚಯವಿರುವವರಿಗೆ ಅಪರಿಚಿತವೇನೂ ಅಲ್ಲ. ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಒಂದು ಜಾಗವಿದೆ. ಪಿಯಾನೋದ ಮನೆಗಳಲ್ಲಿ ಅದಕ್ಕೆ ಸ್ಥಳವಿಲ್ಲ, ನಮ್ಮ ಹಾರ್ಮೋನಿಯಂನಲ್ಲಿಯೂ ಇಲ್ಲ. ಬ್ಲೂಸ್ ಹಾಡುವವರು ಆ ನಡುವೆಯೇ ತಂಗುತ್ತಾರೆ. ಕೆಳಗೆ ತಾಳದ ಲೆಕ್ಕ ಸರಳ: ನಾಲ್ಕು ಎಣಿಕೆಯ ಹನ್ನೆರಡು ತುಂಡುಗಳು, ಒಟ್ಟು ನಲವತ್ತೆಂಟು ಎಣಿಕೆಗೆ ಒಂದು ಆವರ್ತ. ಷಡ್ಜ, ಮಧ್ಯಮ, ಪಂಚಮಗಳನ್ನು ಆಧಾರವಾಗಿಸಿಕೊಂಡ ಮೂರು ಸ್ವರಮೇಳಗಳು. ಸಾಹಿತ್ಯ ಮೂರೇ ಸಾಲು. ಮೊದಲನೆಯ ಸಾಲನ್ನು ಹಾಡಿ, ಅದನ್ನೇ ಮತ್ತೊಮ್ಮೆ ಹಾಡಿ, ಆಮೇಲೆ ಮೂರನೆಯ ಸಾಲಿನಲ್ಲಿ ಉತ್ತರ ಕೊಡುವುದು. ಪ್ರತಿ ಸಾಲಿನ ಕೊನೆಗೆ ವಾದ್ಯಕ್ಕೊಂದು ಬಿಡುವು. ಇಷ್ಟೇ. ಈ ಚೌಕಟ್ಟಿನಲ್ಲಿ ಒಂದು ಶತಮಾನದ ದುಃಖ, ಪೋಲಿತನ, ಬಡತನ, ರೈಲುಬಂಡಿ, ಪ್ರೇಮ, ಜೈಲು ಎಲ್ಲವೂ ಹಿಡಿಸಿವೆ. ಗಣಿತದ ಮೇಷ್ಟರು ಇದನ್ನು ವಿವರಿಸುವಾಗ ಮೇಜಿನ ಮೇಲೆ ಬೆರಳು ಬಡಿದು ತೋರಿಸುತ್ತಾರೆ, ಚಹಾ ತಣ್ಣಗಾಗುತ್ತದೆ.

ಹಿರಿಯರ ಪ್ರಶ್ನೆಗೆ ಬಂಟ್ವಾಳದವರದು ಒಂದೇ ಮಾತಿನ ಉತ್ತರ: ಕದ್ರಿ ಗೋಪಾಲನಾಥ್. ನಾಗಸ್ವರದ ಮನೆಯ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು, ಬೆಲ್ಜಿಯಂನವನೊಬ್ಬ ರೂಪಿಸಿದ ಆ ಹಿತ್ತಾಳೆಯ ವಾದ್ಯದಲ್ಲಿ ತ್ಯಾಗರಾಜರನ್ನು ನುಡಿಸಿದರು. ಈಗ ಅದನ್ನು ಪರಕೀಯವೆನ್ನುವವರು ಯಾರು? ಹಾರ್ಮೋನಿಯಂಗಾದರೂ 1940ರಿಂದ ಮೂರು ದಶಕ ಆಕಾಶವಾಣಿಯಲ್ಲಿ ಬಹಿಷ್ಕಾರವಿತ್ತು. ನಮ್ಮ ರಂಗಗೀತೆಗಳಿಂದ ಅದನ್ನು ತೆಗೆದರೆ ಉಳಿಯುವುದೇನು? ಷಿಲ್ಲಾಂಗಿನ ಕಥೆಯೂ ದೂರದ್ದಲ್ಲ. 1841ರಲ್ಲಿ ವೇಲ್ಸ್‌ನ ಥಾಮಸ್ ಜೋನ್ಸ್ ಖಾಸಿ ಬೆಟ್ಟ ಹತ್ತಿ ಆ ಭಾಷೆಗೆ ರೋಮನ್ ಲಿಪಿ ಹೊಂದಿಸಿದರು, ಹಿಂದೆಯೇ ಪ್ರಾರ್ಥನಾಗೀತೆಗಳೂ ಅವುಗಳ ಸ್ವರಮೇಳವೂ ಬಂದವು. ಅದಕ್ಕೆ ಏಳು ವರ್ಷ ಮೊದಲೇ ಮಂಗಳೂರಿಗೆ ಬಾಸೆಲ್ ಮಿಷನ್ ಬಂದಿತ್ತು. ಖಾಸಿಗಳಲ್ಲಿ ವಂಶ ತಾಯಿಯ ಕಡೆಯಿಂದ ಸಾಗುತ್ತದೆ, ಮನೆ ಕಿರಿಯ ಮಗಳಿಗೆ ಎಂಬುದನ್ನು ತಿಳಿದಾಗ ಬಂಟ್ವಾಳದವರು ಅಳಿಯಕಟ್ಟಿನ ಮಾತೆತ್ತಿ, ವೇದಿಕೆಯ ನಡುವೆ ಹೆಂಗಸು ನಿಂತು ಗಂಡಸು ಪಕ್ಕಕ್ಕೆ ಸರಿದಿರುವುದಕ್ಕೂ ಅದಕ್ಕೂ ನಂಟು ಹಚ್ಚಿದರು. ಉಳಿದ ಮೂವರು ಒಪ್ಪಲಿಲ್ಲ. ಆದರೂ ಬರೆದಿಟ್ಟಿದ್ದೇವೆ.

ಎರವಲು ಬೇರೆ, ಕಳವು ಬೇರೆ ಎಂಬುದನ್ನು ಈ ಸಂಗೀತದ ಚರಿತ್ರೆಯೇ ಕಲಿಸುತ್ತದೆ. 2007ರಲ್ಲಿ ಸೋಲ್‌ಮೇಟ್ ಮೆಂಫಿಸ್ ನಗರದ ಅಂತಾರಾಷ್ಟ್ರೀಯ ಬ್ಲೂಸ್ ಸ್ಪರ್ಧೆಗೆ ಹೋಯಿತು. ಭಾರತದಿಂದ ಅಲ್ಲಿಗೆ ಹೋದ ಮೊದಲ ತಂಡ ಅದು. ಆ ಊರಿನ ಯೂನಿಯನ್ ಅವೆನ್ಯೂದಲ್ಲಿ, 706ನೆಯ ನಂಬರಿನ ಚಿಕ್ಕ ಕಟ್ಟಡದಲ್ಲಿ, 1954ರ ಜುಲೈ ತಿಂಗಳಲ್ಲಿ ಎಲ್ವಿಸ್ ಪ್ರೀಸ್ಲಿ ಎಂಬ ಹತ್ತೊಂಬತ್ತರ ಹುಡುಗ ಆರ್ಥರ್ ಕ್ರಡಪ್ ಅವರ ‘ದಟ್ಸ್ ಆಲ್ ರೈಟ್’ ಎಂಬ ಬ್ಲೂಸ್ ಹಾಡಿದ. ಅದೇ ತಟ್ಟೆಯ ಮತ್ತೊಂದು ಬದಿಗೆ ಬಿಳಿಯರ ಗುಡ್ಡಗಾಡಿನ ಸಂಗೀತದಿಂದ ಬಿಲ್ ಮನ್ರೋ ಅವರ ಹಾಡು. ಡ್ರಮ್ಮು ಇರಲಿಲ್ಲ, ಬಿಲ್ ಬ್ಲ್ಯಾಕ್ ಆಳೆತ್ತರದ ಡಬಲ್ ಬೇಸಿನ ತಂತಿಗಳನ್ನು ಎಳೆದು ಮರಕ್ಕೆ ಬಡಿಯುತ್ತ ಅದರಿಂದಲೇ ತಾಳ ಹೊರಡಿಸಿದರು. ಒಂದೇ ತಟ್ಟೆಯ ಎರಡು ಬದಿಗಳು ಹೀಗೆ ಕೂಡಿದ್ದರಿಂದ ಬೆಳೆದದ್ದು ರಾಕಬಿಲಿ. ಕುದುರೆಯ ನಾಗಾಲೋಟದಂಥ ಆ ನಡೆಯನ್ನು ಯಾವ ತಂಡ ನುಡಿಸಿದರೂ ನಮ್ಮ ಮೊಣಕಾಲುಗಳು ವಯಸ್ಸು ಮರೆಯುತ್ತವೆ. ಆದರೆ ಕ್ರಡಪ್ ಅವರಿಗೆ ಸಲ್ಲಬೇಕಾದ ಗೌರವಧನ ಸಲ್ಲಲಿಲ್ಲ. ಹೊಲಗೆಲಸ ಮಾಡಿಕೊಂಡೇ ಬಾಳಿ 1974ರಲ್ಲಿ ತೀರಿಕೊಂಡರು. ಇದು ಕಳವು. ರೂಡಿ ಮತ್ತು ಟಿಪ್ರಿತಿ ಮಾಡಿದ್ದು ಅದಲ್ಲ. ಅವರು ಚೌಕಟ್ಟನ್ನು ಪಡೆದು, ಅದರೊಳಗೆ ತಮ್ಮ ಹಾಡುಗಳನ್ನು ತಾವೇ ಬರೆದರು.

ಇಷ್ಟೆಲ್ಲ ಹೇಳಿದ ಮೇಲೂ ಹಿರಿಯರು, “ವಾದ ಚಂದ ಅದ” ಎಂದಷ್ಟೇ ಅಂದರು. ನಿಜ, ವಾದದಿಂದ ಆಗುವ ಕೆಲಸವಲ್ಲ ಇದು.

ಬಂದರಿನ ಲೆಕ್ಕಪತ್ರದಲ್ಲಿದ್ದವರ ತಾಯಿ ರೋಣ ತಾಲ್ಲೂಕಿನ ಹಳ್ಳಿಯಲ್ಲಿ 2020ರ ಏಪ್ರಿಲ್‌ನಲ್ಲಿ ತೀರಿಕೊಂಡರು. ರೈಲು ನಿಂತಿತ್ತು, ಬಸ್ಸು ನಿಂತಿತ್ತು, ಜಿಲ್ಲೆ ಜಿಲ್ಲೆಯ ಗಡಿಗೆ ಕಾವಲು. ಮಣ್ಣು ಮಾಡುವುದನ್ನು ಅವರು ಡೊಂಬಿವಲಿಯ ಅಡುಗೆಮನೆಯಲ್ಲಿ ನಿಂತು ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ನೋಡಿದರು. ನಡುವೆ ಎರಡು ಸಲ ಸಂಪರ್ಕ ಕಡಿಯಿತು. ಅವರು ಅಳಲಿಲ್ಲ. ಆ ವರ್ಷವೂ ಅಳಲಿಲ್ಲ, ಮುಂದಿನ ವರ್ಷ ಊರಿಗೆ ಹೋಗಿ ಗದ್ದುಗೆಯ ಮುಂದೆ ಕುಳಿತಾಗಲೂ ಅಳಲಿಲ್ಲವಂತೆ. ನಮ್ಮ ಭಾನುವಾರಗಳು ಮತ್ತೆ ಶುರುವಾದಾಗ ಅವರು ಬರುತ್ತಿದ್ದರು, ಓದುತ್ತಿದ್ದರು, ಹೋಗುತ್ತಿದ್ದರು. ಏನು ಕೇಳಬೇಕೆಂದು ನಮಗೆ ತಿಳಿಯುತ್ತಿರಲಿಲ್ಲ.

ಸಭಾಗೃಹಗಳು ತೆರೆದ ಮೇಲೆ ಸೋಲ್‌ಮೇಟ್ ಕೇಳಲು ನಾಲ್ವರೂ ಹೋದೆವು. ಚಿಕ್ಕ ಜಾಗ, ಇನ್ನೂರು ಜನರಿದ್ದರೆ ಹೆಚ್ಚು. ನಡುರಾತ್ರಿಗೆ ಸ್ವಲ್ಪ ಮೊದಲು ಅತ್ಯಂತ ವಿಳಂಬದ ಬ್ಲೂಸ್ ಒಂದನ್ನು ಎತ್ತಿಕೊಂಡರು. ಟಿಪ್ರಿತಿ ಮೊದಲ ಸಾಲು ಹಾಡಿದರು. ಗಿಟಾರ್ ಉತ್ತರಿಸಿತು. ಅದೇ ಸಾಲನ್ನು ಮತ್ತೆ ಹಾಡಿದರು, ಈ ಸಲ ಇನ್ನೂ ತಗ್ಗಿಸಿ. ಆಮೇಲೆ ಮೂರನೆಯ ಸಾಲಿಗೆ ಹೋಗದೆ, ಅಲ್ಲಿಯೇ, ಆ ಎರಡು ಗಾಂಧಾರಗಳ ನಡುವಿನ ಜಾಗದಲ್ಲಿ, ಮಾತಿಲ್ಲದ ಕೂಗೊಂದರಲ್ಲಿ ನಿಂತುಬಿಟ್ಟರು. ನಮ್ಮವರು ಗೋಡೆಗೆ ಒರಗಿ ಜಾರಿ ಕೆಳಗೆ ಕುಳಿತರು. ಭುಜಗಳು ಅಲುಗುತ್ತಿದ್ದವು. ಮೇಷ್ಟರು ಅವರಿಗೆ ಅಡ್ಡವಾಗಿ ನಿಂತರು, ಅಷ್ಟೇ.

ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ಅವರೇ ಹೇಳಿದರು. ಅವ್ವ ನಸುಕಿನಲ್ಲಿ ಬೀಸುವಾಗ ಪದ ಹಾಡುತ್ತಿದ್ದಳು. ತ್ರಿಪದಿ. ಮೂರೇ ಸಾಲಾದರೂ ಎರಡನೆಯದರ ಅರ್ಧವನ್ನು ಮತ್ತೊಮ್ಮೆ ಹಾಡಿ, ಕಲ್ಲಿಗೆ ಹಿಡಿಕಾಳು ಹಾಕಿ, ಆಮೇಲೆ ಮೂರನೆಯದಕ್ಕೆ ಹೋಗುವುದು. ಕೌದಿಯಲ್ಲಿ ಮುದುಡಿ ಮಲಗಿದ್ದ ಹುಡುಗ ಆ ಮೂರನೆಯ ಸಾಲಿಗೆ ಕಾಯುತ್ತಿದ್ದ. ತವರಿನ ಪದಗಳಲ್ಲಿ ಕೆಲವೊಮ್ಮೆ ಅದು ಬರುತ್ತಿರಲಿಲ್ಲ. ಕಲ್ಲು ಮಾತ್ರ ತಿರುಗುತ್ತಿತ್ತು. “ಅವ್ವ ಅಳ್ತಿದ್ಲು ಅಂತ ನನಗ ಈಗ ತಿಳೀತು ನೋಡ್ರಿ” ಎಂದರು. ಧಾರಾವಿಯ ತಿರುವಿನ ತನಕ ಮತ್ತಾರೂ ಮಾತಾಡಲಿಲ್ಲ.

ಖಾಸಿಗಳಲ್ಲಿ ಒಂದು ಹಳೆಯ ಕಥೆಯಿದೆ. ಸಿಯರ್ ಲಪಲಾಂಗ್ ಎಂಬ ಎಳೆಯ ಜಿಂಕೆ ಬಯಲುಸೀಮೆಯಲ್ಲಿ ತಾಯಿಯೊಡನೆ ಇತ್ತು. ಬೆಟ್ಟದ ಮೇಲಿನ ಸೊಪ್ಪಿನ ಆಸೆಗೆ, ತಾಯಿ ಬೇಡವೆಂದರೂ ಕೇಳದೆ ಹತ್ತಿಹೋಯಿತು. ಬೇಟೆಗಾರರ ಬಾಣಕ್ಕೆ ಸಿಕ್ಕಿತು. ಹುಡುಕುತ್ತ ಬಂದ ತಾಯಿ ಅತ್ತ ಅಳುವನ್ನು ಕೇಳಿಯೇ ಖಾಸಿ ಜನ ಸತ್ತವರಿಗಾಗಿ ಅಳುವುದನ್ನು ಕಲಿತರಂತೆ. ಪುಣ್ಯಕೋಟಿಯನ್ನು ಕೇಳಿ ಬೆಳೆದ ನಮಗೆ ಈ ಕಥೆ ಕನ್ನಡಿಯಲ್ಲಿ ಕಂಡ ಬಿಂಬದಂತೆ, ಎಡಬಲ ಅದಲುಬದಲಾಗಿ ಕಾಣುತ್ತದೆ. ಅಲ್ಲಿ ತಾಯಿ ಸಾವಿನ ಕಡೆಗೆ ನಡೆದು ಮರಳಿ ಬರುತ್ತಾಳೆ. ಇಲ್ಲಿ ಕರು ಬರುವುದಿಲ್ಲ. ಟಿಪ್ರಿತಿ ಖಾಸಿ ಭಾಷೆಯಲ್ಲಿಯೂ ಹಾಡುತ್ತಾರೆ. ಅದನ್ನು ಕೇಳುವಾಗ ಒಂದು ಪದದ ಅರ್ಥವೂ ಆಗದಿದ್ದರೂ, ಅಮೆರಿಕದ ಆ ಚೌಕಟ್ಟನ್ನು ಇವರು ಏಕೆ ಆರಿಸಿಕೊಂಡರೆಂದು ನಾವು ಕೇಳುವುದಿಲ್ಲ. ಅಳುವ ವಿದ್ಯೆ ಅವರ ಬೆಟ್ಟದಲ್ಲಿ ಮೊದಲೇ ಇತ್ತು.

ಆ ರಾತ್ರಿಯ ನಂತರ ಲೆಕ್ಕಪತ್ರದವರು ಒಂದು ನೋಟುಪುಸ್ತಕ ಮಾಡಿದ್ದಾರೆ. ನೆನಪಿಗೆ ಬಂದ ಅವ್ವನ ಪದಗಳನ್ನೆಲ್ಲ, ಲೆಕ್ಕದವರ ದುಂಡು ಅಕ್ಷರದಲ್ಲಿ, ಪುಟಕ್ಕೊಂದರಂತೆ ಬರೆಯುತ್ತಾರೆ. ಈವರೆಗೆ ಇಪ್ಪತ್ಮೂರಾಗಿವೆ. ಅವುಗಳಲ್ಲಿ ಒಂಬತ್ತಕ್ಕೆ ಮೂರನೆಯ ಸಾಲಿಲ್ಲ. ಊರಿನಲ್ಲಿರುವ ಸೋದರತ್ತೆಗೆ ಫೋನು ಮಾಡಿ ಕೇಳಿದರೆ, “ಕಲ್ಲು ತಿರುಗಿದ್ರ ಪದ ಬರ್ತಾವ, ಸುಮ್ಮ ಕುಂತ್ರ ಬರೂದಿಲ್ಲೋ ತಮ್ಮಾ” ಎಂದರಂತೆ. ಆ ಬೀಸುಕಲ್ಲು ಈಗ ಹಿತ್ತಲಲ್ಲಿ ಬೋರಲು ಬಿದ್ದಿದೆ, ಮೇಲೆ ತುಳಸಿಯ ಡಬ್ಬಿ.

ಕಳೆದ ಭಾನುವಾರ ಅವರು ಆ ಒಂಬತ್ತನ್ನು ಓದಿದರು; ಎರಡು ಸಾಲು ಓದಿ, ತುಸು ನಿಂತು, ಮುಂದಿನ ಪುಟ ತಿರುವಿದರು. ನಮ್ಮ ಹಿರಿಯರು ಕಣ್ಣುಮುಚ್ಚಿ ಕೇಳಿದರು. ಎದ್ದು ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, “ಆ ಷಿಲ್ಲಾಂಗಿನವ್ರು ಮತ್ತ ಯಾವಾಗ ಬರ್ತಾರ?” ಎಂದು ಕೇಳಿದರು. ಬಂಟ್ವಾಳದವರು ಐದು ಟಿಕೆಟ್ಟಿನ ಲೆಕ್ಕ ಹಾಕಿದ್ದಾರೆ. ಹತ್ತಿಯನ್ನು ಅವರವರೇ ತರಬೇಕು.