ಹಾಲಿನ ಲೆಕ್ಕ ಮತ್ತು ಪ್ಲಾನರ್

ಎಂಬತ್ತರ ದಶಕದಲ್ಲಿ ಭದ್ರಾವತಿಯ ನಮ್ಮ ಮನೆಯ ಬರೆಯುವ ಸಾಮಾನೆಲ್ಲ ಒಂದು ತಗಡಿನ ಬಿಸ್ಕತ್ತಿನ ಡಬ್ಬಿಯಲ್ಲಿ ಹಿಡಿಯುತ್ತಿತ್ತು. ಬ್ರಿಲ್ ಇಂಕಿನ ಬಾಟಲಿ, ಒಂದು ಫಿಲ್ಲರ್, ಅಪ್ಪನ ಹೀರೋ ಪೆನ್ನು, ನಿಬ್ಬು ಸೊಟ್ಟಗಾದ ಇನ್ನೊಂದು ಪೆನ್ನು, ಗುಂಡುಸೂಜಿ, ಅರ್ಧ ಬ್ಲೇಡು, ಗೋಂದಿನ ಸೀಸೆ, ನಾಲ್ಕಾರು ಇನ್‌ಲ್ಯಾಂಡ್ ಲೆಟರು. ಚೆಂದಕ್ಕೆಂದು ತಂದದ್ದು ಅದರಲ್ಲಿ ಒಂದೂ ಇರಲಿಲ್ಲ.

ಈಗ ಬೆಂಗಳೂರಿನಲ್ಲಿ ನನ್ನ ಮೇಜಿನ ಒಂದು ಡ್ರಾಯರೇ ಆ ಡಬ್ಬಿಗಿಂತ ದೊಡ್ಡದು. ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಕರಡು ಬರುವುದು ಪಿಡಿಎಫ್ ಆಗಿ, ತಿರುಗಿ ಹೋಗುವುದೂ ಹಾಗೆಯೇ. ಕಾಗದದ ಮೇಲೆ ಬರೆಯಲೇಬೇಕಾದ ಪ್ರಮೇಯ ಬರುವುದು ಚೆಕ್ಕಿಗೆ ಸಹಿ ಹಾಕುವಾಗ ಮಾತ್ರ. ಆದರೂ ಡ್ರಾಯರು ತುಂಬುತ್ತಲೇ ಇದೆ: ಪೆನ್ನುಗಳು, ಐದಾರು ಬಣ್ಣದ ಇಂಕು, ಚುಕ್ಕೆ ಹಾಕಿದ ನೋಟ್‌ಬುಕ್ಕು, ವಾರಕ್ಕೊಂದು ಪುಟದ ಪ್ಲಾನರು. ಬರೆಯುವುದು ಕಡಿಮೆಯಾದಂತೆ ಬರೆಯುವ ಸಾಮಾನು ಹೆಚ್ಚಾಗಿದೆ.

ಭದ್ರಾವತಿ ಕಾಗದದ ಊರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್ ಅಲ್ಲಿತ್ತು. ಬಿದಿರು, ನೀಲಗಿರಿ, ಕಬ್ಬಿನ ಸಿಪ್ಪೆ ಲಾರಿಗಟ್ಟಲೆ ಒಳಗೆ ಹೋಗುತ್ತಿದ್ದವು. ಗಾಳಿ ನಮ್ಮ ಕಡೆ ತಿರುಗಿದ ದಿನ ತಿರುಳು ಬೇಯುವ ವಾಸನೆ ಅಡುಗೆಮನೆಯವರೆಗೂ ಬರುತ್ತಿತ್ತು. 1981ರಿಂದ ಪತ್ರಿಕಾ ಮುದ್ರಣದ ಕಾಗದವೂ ತಯಾರಾಗತೊಡಗಿತು. ಇಷ್ಟೆಲ್ಲ ಇದ್ದ ಊರಿನಲ್ಲಿ, ಒಬ್ಬ ಗುಮಾಸ್ತನ ಮಕ್ಕಳಿಗೆ ಹೊಸ ನೋಟ್‌ಬುಕ್ಕು ಸಿಗುತ್ತಿದ್ದುದು ಜೂನ್ ತಿಂಗಳಲ್ಲಿ ಒಂದೇ ಸಲ. ಅದೂ ವಿಷಯಕ್ಕೊಂದು. ಕಾರ್ಖಾನೆ ಊರಿನಲ್ಲಿದ್ದ ಮಾತ್ರಕ್ಕೆ ಹಾಳೆ ಅಗ್ಗವಾಗುವುದಿಲ್ಲ.

ರಫ್ ಪುಸ್ತಕ ಮನೆಯಲ್ಲೇ ತಯಾರಾಗುತ್ತಿತ್ತು. ಪರೀಕ್ಷೆ ಮುಗಿದ ಮೇಲೆ ಅಪ್ಪ ನಮ್ಮ ಹಳೆಯ ನೋಟ್‌ಬುಕ್ಕುಗಳನ್ನೆಲ್ಲ ಮುಂದಿಟ್ಟುಕೊಂಡು ಕೂರುತ್ತಿದ್ದರು. ಬರೆಯದ ಹಾಳೆಯನ್ನು ಹಾಗೇ ಕಿತ್ತರೆ ಅದರ ಜೋಡಿ ಹಾಳೆ ಸಡಿಲವಾಗಿ ಉದುರುತ್ತದೆ. ಹಾಗಾಗಿ ಮೊದಲು ನಡುವಿನ ಪಿನ್ನನ್ನು ಚಾಕುವಿನ ತುದಿಯಿಂದ ಎತ್ತಬೇಕು. ಖಾಲಿ ಹಾಳೆಗಳನ್ನು ಅಂಚಿಗೆ ಅಂಚು ಕೂಡಿಸಿ, ಮೇಲೆ ಒರಳಿನ ಗುಂಡನ್ನು ಹೇರಿ, ದಬ್ಬಣದಿಂದ ಮೂರು ತೂತು ಹಾಕಿ ಹುರಿಯಿಂದ ಹೊಲಿಯುತ್ತಿದ್ದರು. ಗಂಟು ಹಿಂಬದಿಗೇ ಬರಬೇಕು, ಮುಂದೆ ಬಂದರೆ ಬರೆಯುವಾಗ ಕೈಗೆ ಒತ್ತುತ್ತದೆ. ಕೊನೆಗೆ ಸ್ಕೇಲು ಇಟ್ಟು ಬ್ಲೇಡಿನಿಂದ ಅಂಚು ಸವರುವುದು. ಹೀಗೆ ಆದ ಪುಸ್ತಕದಲ್ಲಿ ಮೊದಲು ಒಂದು ಗೆರೆಯ ಹಾಳೆ, ಆಮೇಲೆ ಇಂಗ್ಲಿಷ್ ಕಾಪಿಯ ನಾಲ್ಕು ಗೆರೆ, ಕೊನೆಗೆ ಗಣಿತದ ಚೌಕ. ಕಚೇರಿಯಲ್ಲಿ ಸೈಕ್ಲೋಸ್ಟೈಲ್ ಮಾಡುವಾಗ ಕೆಟ್ಟ ಹಾಳೆಗಳೂ ಕೆಲವು ಸೇರುತ್ತಿದ್ದವು. ಅವುಗಳ ಬೆನ್ನು ಖಾಲಿ, ಆದರೆ ಇಂಕ್ ಪೆನ್ನು ಮುಟ್ಟಿಸಿದರೆ ಅಕ್ಷರ ಹರಡಿ ಹೂವಾಗುತ್ತಿತ್ತು. ಅವು ಪೆನ್ಸಿಲ್ಲಿಗೆ ಮಾತ್ರ.

ಇದನ್ನು ಮಿತವ್ಯಯದ ಆದರ್ಶ ಎಂದು ಈಗ ಹೇಳಿದರೆ ಕೇಳಲು ಚೆನ್ನಾಗಿರುತ್ತದೆ. ಅಪ್ಪನಿಗೆ ಅಂಥ ಆದರ್ಶವೇನೂ ಇರಲಿಲ್ಲ, ಸಂಬಳ ಕಡಿಮೆ ಇತ್ತು. ಮುಂದೆ ಸಂಬಳ ಏರಿದ ಮೇಲೆ ಅವರು ದಬ್ಬಣ ಮುಟ್ಟಿದ್ದನ್ನು ನಾನು ನೋಡಿಲ್ಲ.

ಇಂಕಿನ ವಿಚಾರದಲ್ಲೂ ಈಗಿನವರು ಬಣ್ಣಿಸುವಷ್ಟು ಸೊಗಸೇನೂ ಇರಲಿಲ್ಲ. ಬ್ರಿಲ್ ಬೆಂಗಳೂರಿನದು. ಅದು ಸಿಗದಿದ್ದರೆ ಮುಂಬೈಯ ಕ್ಯಾಮಲ್. ಅದನ್ನು ಮಾಡುವ ಕ್ಯಾಮ್ಲಿನ್ ಕಂಪನಿ 1931ರಲ್ಲಿ ಹುಟ್ಟಿದ್ದೇ ಇಂಕಿನ ಪುಡಿ, ಮಾತ್ರೆಗಳ ವ್ಯಾಪಾರದಿಂದ. ಬಾಲ್ ಪೆನ್ನಿನಲ್ಲಿ ಬರೆದರೆ ಅಕ್ಷರ ಕೆಡುತ್ತದೆ ಎಂಬುದು ಮೇಷ್ಟ್ರುಗಳ ಗಟ್ಟಿ ನಂಬಿಕೆಯಾದ್ದರಿಂದ ಶಾಲೆಗೆ ಇಂಕ್ ಪೆನ್ನೇ ಆಗಬೇಕಿತ್ತು. ಅದು ಕತ್ತಿನಲ್ಲಿ ಸೋರುತ್ತಿತ್ತು. ಬೆರಳು ಒರೆಸಲು ತಲೆಗೂದಲು, ಹಾಳೆಯ ಮೇಲೆ ಬಿದ್ದ ಹನಿ ಹೀರಲು ಸೀಮೆಸುಣ್ಣದ ಚೂರು. ನಿಬ್ಬು ನಿಂತರೆ ಅದರ ಸೀಳಿನಲ್ಲಿ ಬ್ಲೇಡಿನ ತುದಿ ಆಡಿಸುವುದು, ಅದಕ್ಕೂ ಬಗ್ಗದಿದ್ದರೆ ಬಿಸಿನೀರಲ್ಲಿ ನೆನೆಹಾಕುವುದು. ಪರೀಕ್ಷೆಯ ನಡುವೆ ಇಂಕು ಮುಗಿದರೆ ಪಕ್ಕದವಳು ಬೆಂಚಿನ ಮೇಲೆ ಎರಡು ಹನಿ ಸುರಿಯುತ್ತಿದ್ದಳು. ಅದರಲ್ಲಿ ಅದ್ದಿ ಅದ್ದಿ ಇನ್ನು ನಾಲ್ಕು ಸಾಲು ಬರೆಯಬಹುದಿತ್ತು.

ಹೈಸ್ಕೂಲಿನ ಹೊತ್ತಿಗೆ ಬಿಳಿ ಮೈ, ನೀಲಿ ಕ್ಯಾಪಿನ ರೆನಾಲ್ಡ್ಸ್ 045 ಎಲ್ಲರ ಜೇಬಿಗೂ ಬಂತು. ಬಾಲ್ ಪೆನ್ನಿನ ಮಸಿ ಎಣ್ಣೆಯಂಶದ್ದು, ಮಂದ. ಸೈಕ್ಲೋಸ್ಟೈಲ್ ಹಾಳೆಯ ಮೇಲೂ ಹರಡುವುದಿಲ್ಲ. ಮೇಷ್ಟ್ರುಗಳೂ ಒಬ್ಬೊಬ್ಬರಾಗಿ ಅದಕ್ಕೇ ಬಂದರು. ಇಂಕ್ ಪೆನ್ನನ್ನು ಬಿಟ್ಟದ್ದಕ್ಕೆ ನಮಗಾರಿಗೂ ಬೇಸರವಾದ ನೆನಪಿಲ್ಲ.

ಅಪ್ಪ ಮಾತ್ರ ಹೀರೋ ಬಿಡಲಿಲ್ಲ. ಶಾಂಘೈನಲ್ಲಿ ತಯಾರಾದ ಆ ಪೆನ್ನನ್ನು ಬೆಂಗಳೂರಿಗೆ ಹೋದವರ್ಯಾರೋ ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್ಟಿನಿಂದ ತಂದುಕೊಟ್ಟಿದ್ದರು. ಬಂಗಾರದ ಬಣ್ಣದ ಕ್ಯಾಪು, ಬಾಣದ ಕ್ಲಿಪ್ಪು, ತುದಿ ಮಾತ್ರ ಕಾಣುವ ನಿಬ್ಬು. ಅದನ್ನು ಸಹಿಗೆ, ಊರಿನ ಪತ್ರಕ್ಕೆ ಬಿಟ್ಟರೆ ತೆಗೆಯುತ್ತಿರಲಿಲ್ಲ. ಇಂಕು ನೀಲಿ ಅಥವಾ ಕಪ್ಪು. ಹಸಿರು ಗೆಜೆಟೆಡ್ ಅಧಿಕಾರಿಗಳ ಬಣ್ಣ, ಕೆಂಪು ತಿದ್ದುವ ಮೇಷ್ಟ್ರದು. ಹಸಿರು ಇಂಕಿನ ಬಾಟಲಿ ಆ ಮನೆಗೆ ಎಂದೂ ಬರಲಿಲ್ಲ. ನಿವೃತ್ತಿಯ ತನಕ ಗುಮಾಸ್ತ ಗುಮಾಸ್ತನ ಬಣ್ಣದಲ್ಲೇ ಬರೆದರು.

ಚುನಾವಣಾ ಕೆಲಸ ಬಿದ್ದಾಗ ಮತಗಟ್ಟೆಗೆ ಒಯ್ಯುವ ಚೀಲದ ಪಟ್ಟಿಯನ್ನು ಅಪ್ಪ ನಮಗೆ ಒಪ್ಪಿಸುತ್ತಿದ್ದರು. ಅರಗಿನ ಕಡ್ಡಿ, ಅದನ್ನು ಕರಗಿಸಲು ಮೇಣದಬತ್ತಿ, ಹುರಿ, ಕಾರ್ಬನ್ ಹಾಳೆ, ಸ್ಟಾಂಪ್ ಪ್ಯಾಡು, ಗುಂಡುಸೂಜಿ, ಬ್ಲೇಡು, ಬೆರಳಿಗೆ ಹಚ್ಚುವ ಶಾಯಿಯ ಪುಟ್ಟ ಸೀಸೆ. ಶಾಯಿ ಮೈಸೂರಿನದು. 1937ರಲ್ಲಿ ಅರಗು, ಬಣ್ಣದ ಕಾರ್ಖಾನೆಯಾಗಿ ಶುರುವಾದ, ಇಂದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎನಿಸಿಕೊಂಡಿರುವ ಸಂಸ್ಥೆ 1962ರ ಮಹಾಚುನಾವಣೆಯಿಂದ ಅದನ್ನು ಮಾಡಿಕೊಡುತ್ತಿದೆ. ಅಷ್ಟೊಂದು ಸ್ಟೇಷನರಿ ಒಟ್ಟಿಗೆ ಇರುವ ಚೀಲ ನಮ್ಮ ಕಲ್ಪನೆಗೆ ನಿಲುಕುತ್ತಿರಲಿಲ್ಲ. ಆದರೆ ಅದರಲ್ಲಿ ಯಾವುದು ಯಾವ ಲಕೋಟೆಗೆ, ಯಾವ ಗಂಟಿಗೆ ಎಂಬುದೆಲ್ಲ ಮೊದಲೇ ನಿಗದಿಯಾಗಿರುತ್ತಿತ್ತು. ಮೊದಲು ಕೆಲಸ, ಆಮೇಲೆ ಅದಕ್ಕೆ ತಕ್ಕ ಸಾಮಾನು. ಆ ಕಾಲದ ಮನೆ, ಕಚೇರಿ ಎರಡಕ್ಕೂ ಈ ಕ್ರಮವೇ ಒಪ್ಪುತ್ತಿತ್ತು.

ಪ್ಲಾನರ್ ಎನ್ನಬಹುದಾದದ್ದು ಮನೆಯಲ್ಲಿ ಒಂದೇ ಇತ್ತು: ಅಡುಗೆಮನೆ ಬಾಗಿಲ ಪಕ್ಕದ ಮೊಳೆಗೆ ತೂಗಿದ್ದ ಬೆಂಗಳೂರು ಪ್ರೆಸ್ ಕ್ಯಾಲೆಂಡರ್. 1916ರಲ್ಲಿ ಶುರುವಾದ ಆ ಮುದ್ರಣಾಲಯ 1921ರಿಂದ ಕ್ಯಾಲೆಂಡರ್ ಹೊರತರುತ್ತಿದೆ. ತಿಥಿ, ನಕ್ಷತ್ರ, ರಜೆ ಎಲ್ಲ ಅಚ್ಚಾದ ಮೇಲೆ ಒಂದೊಂದು ದಿನದ ಚೌಕದಲ್ಲಿ ಉಳಿಯುವುದು ಹೆಬ್ಬೆರಳ ಉಗುರಿನಷ್ಟು ಜಾಗ. ಅಮ್ಮನಿಗೆ ಅಷ್ಟು ಸಾಕಿತ್ತು. ಹಾಲು ಹೆಚ್ಚು ಕೊಂಡ ದಿನ ಒಂದು ಚುಕ್ಕೆ. ಹಾಲಿನವನು ಬಾರದ ದಿನ ಗುಣಾಕಾರದ ಗುರುತು. ಹೊಸ ಸಿಲಿಂಡರ್ ಹಚ್ಚಿದ ದಿನ ‘ಗ್ಯಾ’. ಹಾಸನದಿಂದ ಸೋದರಮಾವನ ಕಾಗದ ಬಂದ ದಿನ ‘ಅಣ್ಣ’. ತಿಂಗಳ ಕೊನೆಗೆ ಅಂಚಿನಲ್ಲಿ ಕೂಡುವ, ಕಳೆಯುವ ಲೆಕ್ಕ.

ಒಂದನೇ ತಾರೀಖು ಬಾಗಿಲಲ್ಲಿ ಪಂಚಾಯಿತಿ ನಡೆಯುತ್ತಿತ್ತು.

“ಮೂವತ್ತು ದಿನದ್ದು ಅಮ್ಮಾ.”

“ಮೂವತ್ತು ಹೆಂಗಯ್ಯ ಆಗುತ್ತೆ? ಹದಿನಾಲ್ಕು, ಹದಿನೈದು ಎರಡು ದಿನ ನೀನು ಬಂದೇ ಇಲ್ಲ.”

“ಒಂದೇ ದಿನ ಕಣಮ್ಮಾ ತಪ್ಪಿದ್ದು. ಮಾರನೇ ದಿನ ನಮ್ಮ ಹುಡುಗ ತಂದಿದ್ನಲ್ಲ.”

“ಇಲ್ಲಿ ನೋಡು.”

ಅವನಿಗೆ ಓದು ಬರುತ್ತಿರಲಿಲ್ಲ. ಗುಣಾಕಾರದ ಗುರುತು ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು. ನೋಡಿ ಸುಮ್ಮನಾಗುತ್ತಿದ್ದ. ಲೆಕ್ಕ ಚುಕ್ತಾ ಆಗುವ ತನಕ ಆ ತಿಂಗಳ ಹಾಳೆಯನ್ನು ಅಮ್ಮ ಪುಸ್ತಕದ ರಟ್ಟಿಗೆ ಹೊದಿಸಲು ನಮಗೆ ಕೊಡುತ್ತಿರಲಿಲ್ಲ.

ನನ್ನ ಮೇಜು ಈಗಿನ ರೂಪಕ್ಕೆ ಬಂದದ್ದು 2020ರ ಲಾಕ್‌ಡೌನಿನಲ್ಲಿ. ಎಲ್ಲರಂತೆ ನಾನೂ ಮನೆಯ ಒಂದು ಮೂಲೆಯನ್ನು ಆಫೀಸು ಮಾಡಿಕೊಂಡೆ, ಮೂಲೆಗೆ ಒಪ್ಪುವ ಸಾಮಾನು ಹುಡುಕತೊಡಗಿದೆ. ಆಗ ಕೊಂಡ ಇಂಕ್ ಪೆನ್ನು ಜರ್ಮನಿಯ ಲ್ಯಾಮಿ ಸಫಾರಿ. ಅದು 1980ರಲ್ಲಿ ಬಂದದ್ದು ಅಲ್ಲಿನ ಶಾಲಾ ಮಕ್ಕಳಿಗೆಂದು. ಬೆರಳು ಸರಿಯಾಗಿ ಕೂರಲಿ ಅಂತ ಹಿಡಿಯುವ ಜಾಗವನ್ನು ಮೂರು ಮೂಲೆಯಾಗಿ ಮಾಡಿದ್ದಾರೆ. ಅದೇ ವರ್ಷಗಳಲ್ಲಿ ಕತ್ತು ಸೋರುವ ಪೆನ್ನು ಹಿಡಿದಿದ್ದ ನಾನು, ಅಲ್ಲಿನ ಮಕ್ಕಳ ಪೆನ್ನನ್ನು ನಡುವಯಸ್ಸಿನಲ್ಲಿ ಶೋಕಿಗೆ ಕೊಂಡೆ. ಸೋರುವುದಿಲ್ಲ, ವಾರ ಬಿಟ್ಟು ತೆಗೆದರೂ ಮೊದಲ ಗೆರೆಯಲ್ಲೇ ಬರೆಯುತ್ತದೆ.

ಪೆನ್ನು ಬಂದ ಮೇಲೆ ಹಾಳೆಯ ಹುಚ್ಚು. ಮಸಿ ಹರಡದಿರಲು ಹಾಳೆ ದಪ್ಪಗಿರಬೇಕು ಎಂದು ಅಂಗಡಿಯವರು 100 ಜಿಎಸ್‌ಎಂ ತೋರಿಸುತ್ತಾರೆ. ಜಪಾನಿನ ಟೊಮೊಯೆ ರಿವರ್ ಹಾಳೆ 52 ಜಿಎಸ್‌ಎಂ ಮಾತ್ರ, ಬೆಳಕಿಗೆ ಹಿಡಿದರೆ ಆಚೆ ಬದಿಯ ಅಕ್ಷರ ಕಾಣುವಷ್ಟು ತೆಳು. ಅದರ ಮೇಲೆ ಇಂಕು ಇಟ್ಟಲ್ಲೇ ನಿಲ್ಲುತ್ತದೆ. ಕಾಗದ ಮಾಡುವಾಗ ನಾರಿಗೆ ಎಷ್ಟು ಸರಿ ಹಾಕಿದ್ದಾರೆ, ಮೈಯನ್ನು ಹೇಗೆ ಬಿಗಿಮಾಡಿದ್ದಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಯಂತ್ರದ ಮಸಿ ಬೇಗ ಹೀರಲೆಂದೇ ಮಾಡಿದ ಸೈಕ್ಲೋಸ್ಟೈಲ್ ಹಾಳೆಗೆ ಈ ಕಟ್ಟು ಕಡಿಮೆ. ಕಚೇರಿಯ ಆ ಹಾಳೆಗಳ ಮೇಲೆ ಅಕ್ಷರ ಯಾಕೆ ಹೂವಾಗುತ್ತಿತ್ತು ಎಂಬುದು ಮಿಲ್ಲಿನ ಊರಿನಲ್ಲಿ ಬೆಳೆದ ನನಗೆ ತಿಳಿದದ್ದು ಜಪಾನಿನ ನೋಟ್‌ಬುಕ್ಕು ಕೊಂಡ ಮೇಲೆ. ಅಷ್ಟರಲ್ಲಿ ಭದ್ರಾವತಿಯ ಮಿಲ್ಲು ನಿಂತು ಹೋಗಿತ್ತು.

ಇದರ ಸುಖ ನಿಜವಾದದ್ದು, ಅದನ್ನು ಮುಚ್ಚಿಡಬೇಕಾಗಿಲ್ಲ. ಒಳ್ಳೆಯ ಹಾಳೆಯ ಮೇಲೆ ‘ಳ’ ಬರೆದು ನೋಡಿ. ಕನ್ನಡದ ಸುತ್ತುಗಳಲ್ಲಿ ನಿಬ್ಬು ಎಲ್ಲೂ ತಡೆಯದೆ ತಿರುಗುತ್ತದೆ. ಕೊನೆಯಲ್ಲಿ ನಿಂತಲ್ಲಿ ಇಂಕು ತುಸು ಗಾಢವಾಗಿ ನಿಲ್ಲುತ್ತದೆ, ಹಸಿ ಆರುವ ತನಕ ಹೊಳೆಯುತ್ತದೆ. ನನ್ನ ಡ್ರಾಯರಿನಲ್ಲಿ ಹಸಿರು ಇಂಕೂ ಇದೆ. ದಿನಸಿ ಪಟ್ಟಿಯನ್ನು ಅದರಲ್ಲೇ ಬರೆಯುತ್ತೇನೆ, ಯಾವ ಗೆಜೆಟೆಡ್ ಅಧಿಕಾರಿಯ ಅಪ್ಪಣೆಯೂ ಬೇಕಾಗಿಲ್ಲ. ಇದನ್ನು ಉತ್ಪಾದಕತೆ ಎಂದು ಮಾರುವುದಷ್ಟೇ ನನಗೆ ಒಪ್ಪಿಗೆಯಾಗದ್ದು. ಪೆನ್ನು ಚೆನ್ನಾಗಿದ್ದರೆ ಕರಡು ಬೇಗ ಮುಗಿಯುವುದಿಲ್ಲ. ಅದೊಂದು ಶೋಕಿ. ಅಡಿಕೆ ಹಾಕುವುದಕ್ಕಿಂತ ಆರೋಗ್ಯಕ್ಕೆ ಮೇಲು.

ಪ್ಲಾನರಿನ ಮಾತು ಬೇರೆ. ಅದು ಸುಖ ಕೊಡುವುದಕ್ಕಿಂತ ಸಾಲ ಹೊರಿಸುವುದೇ ಹೆಚ್ಚು. ಈಗ ಎಲ್ಲೆಡೆ ಹಬ್ಬಿರುವ ಬುಲೆಟ್ ಜರ್ನಲ್ ಪದ್ಧತಿಯನ್ನು ಅಮೆರಿಕದ ರೈಡರ್ ಕ್ಯಾರಲ್ 2013ರಲ್ಲಿ ಜನರ ಮುಂದಿಟ್ಟರು. ಮಾಡಬೇಕಾದ್ದಕ್ಕೆ ಚುಕ್ಕೆ, ಮಾಡಿ ಮುಗಿಸಿದ್ದಕ್ಕೆ ಗುಣಾಕಾರದ ಗುರುತು, ಮುಂದಕ್ಕೆ ಹಾಕಿದ್ದಕ್ಕೆ ಬಾಣ. ಅಮ್ಮನ ಗುರುತುಗಳೇ, ಅರ್ಥ ಮಾತ್ರ ತಿರುಗಿದೆ. ಅವಳ ಚುಕ್ಕೆ ಮನೆಗೆ ಬಂದ ಹಾಲು, ನನ್ನದು ಇನ್ನೂ ಆಗದ ಕೆಲಸ. ಎಂಥ ಶಿಸ್ತಿನವರ ಪುಸ್ತಕ ತೆರೆದರೂ ಬಾಣಗಳೇ ಎದ್ದು ಕಾಣುತ್ತವೆ. ಜನವರಿಯಲ್ಲಿ ಬಣ್ಣಬಣ್ಣದ ಪುಟ, ಶಿವರಾತ್ರಿ ಹೊತ್ತಿಗೆ ಒಂದೆರಡು ಸಾಲು, ಯುಗಾದಿಯಿಂದಾಚೆ ಬಿಳಿ ಹಾಳೆ.

ಅಮ್ಮನ ಕ್ಯಾಲೆಂಡರಿನಲ್ಲಿ ಡಿಸೆಂಬರ್ ತನಕ ಗುರುತುಗಳು ಇರುತ್ತಿದ್ದವು. ಅವಳು ನಮಗಿಂತ ಶಿಸ್ತಿನವಳಾಗಿದ್ದಳೆಂದಲ್ಲ. ಆದದ್ದನ್ನು ಮಾತ್ರ ಬರೆಯುತ್ತಿದ್ದಳು, ಆದದ್ದಕ್ಕೆ ಬಾಣ ಬೇಕಾಗುವುದಿಲ್ಲ. ಎದುರಿಗೆ ಲೆಕ್ಕ ಕೇಳುವ ಒಬ್ಬ ಹಾಲಿನವನೂ ಇದ್ದ. ನಮ್ಮ ಪ್ಲಾನರಿಗೆ ನಾವೇ ಮಾಲೀಕರು, ನಾವೇ ಸಾಕ್ಷಿ, ಹಾಗಾಗಿ ಪಂಚಾಯಿತಿ ನಡೆಯುವುದೇ ಇಲ್ಲ.

ನಾನೀಗ ಪ್ಲಾನರನ್ನು ತಿರುಗುಮುರುಗಾಗಿ ಬಳಸುತ್ತೇನೆ. ಬೆಳಿಗ್ಗೆ ಮುಟ್ಟುವುದಿಲ್ಲ. ಸಂಜೆ ಕೂತು ಆ ದಿನ ಆದದ್ದನ್ನು ಬರೆಯುತ್ತೇನೆ: ಯಾವ ಪುಸ್ತಕದ ಎಷ್ಟು ಪುಟ ತಿದ್ದಿದೆ, ಯಾರು ಹಣ ಕಳಿಸಿದರು, ಯಾರು ಕಳಿಸುತ್ತೇನೆಂದು ಹೇಳಿ ಸುಮ್ಮನಾದರು. ಪ್ರಕಾಶಕರ ಜೊತೆ ಬಿಲ್ಲಿನ ಮಾತು ಬಂದಾಗ ಪುಟ ತಿರುವಿ ತಾರೀಖು ಓದಿ ಹೇಳಿದರೆ ಫೋನಿನ ಆ ಕಡೆ ದನಿ ತಗ್ಗುತ್ತದೆ.

ಕೊಳ್ಳುವವರಿಗೆ ಒಂದು ಮಾತು. ಪ್ಲಾನರನ್ನು ಡಿಸೆಂಬರಿನಲ್ಲಿ ಕೊಳ್ಳಬೇಡಿ. ಅವೆನ್ಯೂ ರಸ್ತೆಯ ಅಂಗಡಿಯವರೊಬ್ಬರು ನನಗೆ ಹೇಳಿದ್ದು: “ಮೇಡಂ, ಮಾರ್ಚಲ್ಲಿ ಬನ್ನಿ, ಅರ್ಧ ರೇಟಿಗೆ ಕೊಡ್ತೀನಿ. ಆಮೇಲೆ ಇವನ್ನ ಕೇಳೋರೇ ಇರಲ್ಲ.” ಮುಂದಿನದನ್ನು ಬರೆಯುವವರಿಗೆ ಮಾರ್ಚ್ ಎಂದರೆ ಮೂರು ತಿಂಗಳು ದಂಡ. ಆದದ್ದನ್ನು ಬರೆಯುವವರಿಗೆ ಯಾವ ತಿಂಗಳಿನಿಂದ ಶುರುಮಾಡಿದರೂ ನಷ್ಟವಿಲ್ಲ. ಉಳಿದ ಅರ್ಧ ದುಡ್ಡಿಗೆ ಇಂಕು ಬರುತ್ತದೆ.