ಅರಾಯತ್ ಬೆಟ್ಟದ ಹುಕ್

1942ರ ಮಾರ್ಚ್. ಫಿಲಿಪೈನ್ಸಿನ ಲುಸೋನ್ ದ್ವೀಪ. ಕಂದಾಬಾ ಜೌಗಿನ ಸೀಮೆಯ ಮಂದಿಲಿ ಎಂಬ ಊರಿನ ಕಡೆಗೆ ಜಪಾನೀ ಸೈನಿಕರು ನುಗ್ಗಿ ಬರುತ್ತಿದ್ದಾರೆ, ಜೊತೆಗೆ ಅವರ ಮಾತು ಕೇಳುವ ಪೊಲೀಸರು. ಸೇಡಿನ ದಂಡು ಅದು. ಅವರ ಸೆರೆಯಲ್ಲಿದ್ದ ಸಂಗಡಿಗರನ್ನು ಬಿಡಿಸಿಕೊಂಡು ಹೋಗಿದ್ದವಳು ಒಬ್ಬ ಹೆಂಗಸು! ಫೆಲಿಪಾ ಕುಲಾಲಾ. ಜನ ಕರೆಯುತ್ತಿದ್ದುದು ದಾಯಾಂಗ್-ದಾಯಾಂಗ್ ಎಂದು.

ಓಡಿದಳೇ? ಇಲ್ಲ. ಹೊಂಚಿ ಕೂತಳು. ದಂಡು ಹತ್ತಿರ ಬಂತು. ಇನ್ನೂ ಹತ್ತಿರ. ಢಂ! ಬಂದವರಲ್ಲಿ ಎಷ್ಟೋ ಮಂದಿ ಹಿಂದಿರುಗಲಿಲ್ಲ. ಅವರ ಕೋವಿಗಳು ಅವಳ ಜೊತೆಗಿದ್ದ ಗೇಣಿದಾರ ರೈತರ ಹೆಗಲೇರಿದವು.

ಅದೇ ತಿಂಗಳು 29ರಂದು, ಕಾಬಿಯಾವ್ ಬಳಿಯ ಕಾಡಿನಲ್ಲಿ, ಇಂಥ ಗುಂಪುಗಳೆಲ್ಲ ಸೇರಿ ಒಂದು ಸೇನೆಯಾದವು. ನಾಯಕ ಲೂಯಿಸ್ ತಾರುಕ್, ರೈತ ಸಂಘದ ಹುರಿಯಾಳು. ಸೇನೆಗಿಟ್ಟ ಹೆಸರೋ ಉಸಿರುಗಟ್ಟಿಸುವಷ್ಟು ಉದ್ದ: 'ಹುಕ್ಬೋ ನಂಗ್ ಬಾಯಾನ್ ಲಾಬಾನ್ ಸಾ ಹಾಪೋನ್'. ತಗಾಲೊಗ್ ಭಾಷೆಯಲ್ಲಿ ಹುಕ್ಬೋ ಎಂದರೆ ಸೇನೆ, ಬಾಯಾನ್ ಎಂದರೆ ನಾಡು, ಜನ. ಲಾಬಾನ್ ಸಾ ಎಂದರೆ ವಿರುದ್ಧ, ಹಾಪೋನ್ ಎಂದರೆ ಜಪಾನೀಯ. ಬೆನ್ನಿಗೆ ಗುಂಡು ಬೀಳುವಾಗ ಇಷ್ಟನ್ನು ಯಾರು ಉಚ್ಚರಿಸುತ್ತಾರೆ? ತುಂಡರಿಸಿ ಜೋಡಿಸಿದರು: ಹುಕ್-ಬಾ-ಲಾ-ಹಾಪ್. ಅದೂ ಉದ್ದವಾಯಿತು. ಕೊನೆಗೆ ಉಳಿದದ್ದು ಬರೀ 'ಹುಕ್'. ನಮ್ಮ ಕಿವಿಗೆ ರವಿಕೆಯ ಹುಕ್ಕು. ಅಲ್ಲಿ ಅದು ಜೀವ ಕೊಡುವವರ, ಜೀವ ತೆಗೆಯುವವರ ಹೆಸರು.

ಬಯಲಿನ ನಡುವೆ ಒಂಟಿಯಾಗಿ ನಿಂತ ಅರಾಯತ್ ಬೆಟ್ಟ, ಕೆಳಗೆ ಜೌಗು. ಅವೇ ಅವರ ಕೋಟೆ. 1943ರ ಮಾರ್ಚ್‌ನಲ್ಲಿ ಜಪಾನೀಯರು ಕಾಬಿಯಾವನ್ನೇ ಮುತ್ತಿದರು. ಕೆಲವರು ಸಿಕ್ಕಿಬಿದ್ದರು, ಉಳಿದವರು ನುಸುಳಿ ಚದುರಿದರು. ಸೇನೆ ಸಾಯಲಿಲ್ಲ.

ಹೆಸರು ಮೊಟಕಾದಾಗ ಕಳಚಿಬಿದ್ದದ್ದು ಏನೆಂದು ಗಮನಿಸಿ: ಜಪಾನೀಯನೂ ಹೋದ, ಜನವೂ ಹೋಯಿತು. ಬರೀ ಸೇನೆ ಉಳಿಯಿತು. ಇನ್ನು ಅದನ್ನು ಯಾರ ಶತ್ರುವೆಂದಾದರೂ ತೋರಿಸಬಹುದಿತ್ತು. 1945ರ ಫೆಬ್ರವರಿ, ಮಲೋಲೋಸ್: ಹುಕ್ಕರ 77ನೇ ದಳದ 109 ಮಂದಿಯ ಕೈಯಿಂದ, ಜಪಾನೀಯರನ್ನು ಹೊಡೆದಟ್ಟಲು ಬಂದಿದ್ದ ಅಮೆರಿಕನ್ನರು ಕೋವಿ ಕಸಿದರು. ಆಮೇಲೆ ಇನ್ನೊಂದು ಫಿಲಿಪಿನೋ ಗೆರಿಲ್ಲಾ ಪಡೆ ಅವರನ್ನು ಹಿಡಿದು, ಅವರಿಂದಲೇ ಗುಂಡಿ ತೋಡಿಸಿ, ಗುಂಡಿಕ್ಕಿತು. ಜಪಾನೀಯರ ವಿರುದ್ಧ ಕಾದಾಡಿ ಬದುಕಿ ಬಂದವರು!

ಯುದ್ಧ ಮುಗಿದ ಮೇಲೆ ತಾರುಕ್ ಮತ್ತೆ ಕಾಡು ಹಿಡಿದ, ಈ ಸಲ ತನ್ನದೇ ನಾಡಿನ ಸರ್ಕಾರದ ವಿರುದ್ಧ. 1954ರ ಮೇ ತಿಂಗಳಲ್ಲಿ ಸರ್ಕಾರಕ್ಕೆ ಶರಣಾದ. ಮಾತುಕತೆ ನಡೆಸಿ ಕರೆತಂದವನು 21ರ ಹರೆಯದ ಪತ್ರಕರ್ತ ಬೆನಿಗ್ನೋ ಅಕಿನೋ. ಅಷ್ಟರಲ್ಲಿ ಸೇನೆಯ ಹೆಸರು ಬದಲಾಗಿ, ಜಪಾನೀಯನ ಜಾಗದಲ್ಲಿ 'ವಿಮೋಚನೆ' ಕೂತಿತ್ತು. ಊರವರ ಬಾಯಲ್ಲಿ ಮಾತ್ರ ಆಗಲೂ ಅದು ಹುಕ್ಕೇ.